ರಾಮ್ ಅಂತ ತಂದದ್ದು ರಾಮ್ ಅಲ್ಲದಿದ್ದರೆ: ಡ್ವಾರ್ಫ್ ಸಿಕ್ಲಿಡ್‌ಗಳ ಗುರುತು ಹಿಡಿಯುವ ಬಗೆ

ಮನೆಯ ಅಕ್ವೇರಿಯಂನಲ್ಲಿ ಡ್ವಾರ್ಫ್ ಸಿಕ್ಲಿಡ್ (ರಾಮ್, ಅಪಿಸ್ಟೊಗ್ರಾಮದಂಥ ಪುಟ್ಟ ಜಾತಿಯ ಸಿಕ್ಲಿಡ್ ಮೀನು) ಮಂಕಾಗಿದೆ, ಮೂಲೆ ಹಿಡಿದಿದೆ, ಇಲ್ಲವೇ ಜತೆಗಿದ್ದ ನಿಯಾನ್ ಟೆಟ್ರಾಗಳನ್ನು ಒಂದೊಂದಾಗಿ ನುಂಗುತ್ತಿದೆ ಅಂದಾಗ ಎಲ್ಲರೂ ಮೊದಲು ನೀರನ್ನು ಬೈಯುತ್ತಾರೆ, ಆಮೇಲೆ ಔಷಧಿ ಬಾಟಲಿ ಹುಡುಕುತ್ತಾರೆ. ದಾವಣಗೆರೆ, ಚಿತ್ರದುರ್ಗದ ಗೆಳೆಯರು ಹೀಗೆ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಟ್ಯಾಂಕಿನಲ್ಲಿರುವುದು ಯಾವ ಮೀನು? ಅಂಗಡಿಯವರು ಹೇಳಿದ ಹೆಸರು ಬೇಡ, ಬದಿಯಿಂದ ತೆಗೆದ ಫೋಟೊ ಕಳಿಸಿ. 28 ಡಿಗ್ರಿ ಬಿಸಿ ಬೇಡುವ ಮೀನನ್ನು 22 ಡಿಗ್ರಿಯ ನೀರಲ್ಲಿಟ್ಟು ಔಷಧಿ ಸುರಿದರೆ ಮೀನೂ ಉಳಿಯುವುದಿಲ್ಲ, ಗಿಡಗಳೂ ಕೊಳೆಯುತ್ತವೆ. ಇಂಥ ಕಡೆ ದೋಷ ಇರುವುದು ಹೆಸರಿನಲ್ಲಿ.

ಅಂಗಡಿಯವರು ಬೇಕೆಂತಲೇ ಮೋಸ ಮಾಡುತ್ತಾರೆ ಎಂದು ನಾನು ನಂಬುವುದಿಲ್ಲ. ನಮ್ಮ ಕಡೆಗೆ ಬಣ್ಣದ ಮೀನು ಬರುವ ದಾರಿಯೇ ಉದ್ದ. ದೇಶದ ದೊಡ್ಡ ಅಲಂಕಾರಿಕ ಮೀನಿನ ಪೇಟೆಗಳಲ್ಲಿ ಒಂದು ಚೆನ್ನೈನ ಕೊಳತ್ತೂರು. ಅಂಥ ಕಡೆಗಳಿಂದ ಬೆಂಗಳೂರಿನ ಹೋಲ್‌ಸೇಲ್ ಅಂಗಡಿ, ಅಲ್ಲಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿ ಬಸ್ಸು, ಬೆಳಗ್ಗೆ ನಮ್ಮೂರಿನ ಅಂಗಡಿ. ಇಷ್ಟು ಕೈ ದಾಟುವಾಗ ಚೀಲದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ನಾಲ್ಕಕ್ಷರವೇ ಮೀನಿನ ಜಾತಕ. ‘ಅಪಿಸ್ಟೊ ಮಿಕ್ಸ್’ (ಅಪಿಸ್ಟೊಗ್ರಾಮಗಳ ಬೆರಕೆ) ಎಂದು ಬರೆದ ಚೀಲದಲ್ಲಿ ಮೂರು ಜಾತಿಯ ಹೆಣ್ಣುಗಳಿದ್ದರೂ ಅಂಗಡಿಯವರಿಗೆ ಗೊತ್ತಾಗುವ ಬಗೆಯಿಲ್ಲ. ಮೇಲಾಗಿ ಮಾರಾಟಕ್ಕೆ ಬರುವುದು ಎರಡು, ಮೂರು ಸೆಂಟಿಮೀಟರಿನ ಮರಿಗಳು. ಗುರುತು ಹಿಡಿಯಲು ಬೇಕಾದ ಅರ್ಧ ಲಕ್ಷಣ ಆ ವಯಸ್ಸಿಗೆ ಮೂಡಿಯೇ ಇರುವುದಿಲ್ಲ.

ಅನುಮಾನ ಪಡಬೇಕಾದದ್ದು ಯಾವಾಗ

ರಾಮ್ ಎಂದು ತಂದ ಮೀನು ಏಳು ಸೆಂಟಿಮೀಟರ್ ದಾಟಿ ಇನ್ನೂ ಬೆಳೆಯುತ್ತಿದ್ದರೆ ಅದು ನಿಜವಾದ ರಾಮ್, ಅಂದರೆ ಮೈಕ್ರೊಜಿಯೊಫೇಗಸ್ ರಾಮಿರೆಜಿ, ಅಲ್ಲ. ಗುಹೆಯ ಚಾವಣಿಗೆ ಮೊಟ್ಟೆ ಅಂಟಿಸಿದರೂ ಅದು ರಾಮ್ ಅಲ್ಲ. ರಾಮ್ ಬಯಲಲ್ಲಿ, ಚಪ್ಪಟೆ ಕಲ್ಲಿನ ಮೇಲೋ ಮರಳಿನಲ್ಲಿ ತೋಡಿದ ಗುಳಿಯಲ್ಲೋ ಮೊಟ್ಟೆ ಇಟ್ಟು ಗಂಡು ಹೆಣ್ಣು ಎರಡೂ ಕಾಯುತ್ತವೆ. ಜೋಡಿ ಎಂದು ಕೊಟ್ಟದ್ದು ತಿಂಗಳುಗಟ್ಟಲೆ ಬರೀ ಕಾದಾಡುತ್ತಿದ್ದರೆ ಎರಡೂ ಗಂಡಾಗಿರಬಹುದು, ಇಲ್ಲವೇ ಎರಡು ಬೇರೆ ಜಾತಿಯವಾಗಿರಬಹುದು. ಮನೆಗೆ ತಂದ ಕೆಲವು ವಾರಗಳಲ್ಲೇ ಮೈಬಣ್ಣವೆಲ್ಲ ಇಳಿದುಹೋಗಿ, ತಿನ್ನುವುದು ಓಡಾಡುವುದು ಮಾತ್ರ ಚೆನ್ನಾಗಿದ್ದರೆ ಅದು ಬೇರೆ ಕಥೆ, ಮುಂದೆ ಹೇಳುತ್ತೇನೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಮೀನು ತಂದ ದಿನವೇ ತೀರ್ಪು ಕೊಡಬೇಡಿ. ಪ್ರಯಾಣದ ಬೆದರಿಕೆಯಲ್ಲಿ ಈ ಮೀನುಗಳು ಪಟ್ಟೆಗಳನ್ನೇ ಬದಲಿಸುತ್ತವೆ. ಒಂದು ಅಪಿಸ್ಟೊಗ್ರಾಮ ಹೆದರಿದಾಗ ಉದ್ದ ಪಟ್ಟೆ ತೋರಿಸಿ, ಜಗಳಕ್ಕೆ ನಿಂತಾಗ ಅದನ್ನು ಅಳಿಸಿ ಅಡ್ಡಗೆರೆ ತೋರಿಸಬಹುದು. ರಾತ್ರಿ ದೀಪ ಆರಿಸಿ ಟಾರ್ಚ್ ಬಿಟ್ಟರೆ ಮೂರನೆಯದೇ ಒಂದು ವೇಷ. ಒಂದು ವಾರ ಸುಮ್ಮನೆ ಬಿಟ್ಟು, ತಿನ್ನುವಾಗ, ಜಗಳದಲ್ಲಿ, ರಾತ್ರಿ ಹೊತ್ತು ಹೀಗೆ ಬೇರೆ ಬೇರೆ ಗಳಿಗೆಯಲ್ಲಿ ನೋಡಿದರೆ ಮಾತ್ರ ಮೀನು ತನ್ನ ಗುರುತು ಪೂರ್ತಿ ಬಿಟ್ಟುಕೊಡುತ್ತದೆ.

ಫೋಟೊ ತೆಗೆಯಲು ತೆಳ್ಳನೆಯ ಪಾರದರ್ಶಕ ಡಬ್ಬಿ ಬೇಕು. ಮೀನು ತಿರುಗಲಾರದಷ್ಟು ಇಕ್ಕಟ್ಟಾಗಬಾರದು, ಅಡ್ಡ ನಿಲ್ಲುವಷ್ಟು ಅಗಲವೂ ಇರಬಾರದು. ಹೊರಗೆ ಒಂದು ಸ್ಕೇಲ್ ಅಂಟಿಸಿ, ಟ್ಯಾಂಕಿನದೇ ನೀರು ತುಂಬಿ, ಕಿಟಕಿಯ ಬೆಳಗಿನ ಬೆಳಕಿನಲ್ಲಿ ವಿಡಿಯೊ ಮಾಡಿ, ಒಳ್ಳೆಯ ಚೌಕಟ್ಟನ್ನು ಆರಿಸಿ. ಎರಡು ಮೂರು ನಿಮಿಷದಲ್ಲಿ ಮುಗಿಸಿ ಮೀನನ್ನು ವಾಪಸ್ ಬಿಡಿ. ಬೆನ್ನಿನ ರೆಕ್ಕೆ ಬಿಚ್ಚಿದ್ದಾಗ ತೆಗೆದ ಒಂದು ಫೋಟೊ, ಮಡಚಿದ ರೆಕ್ಕೆಯ ಹತ್ತು ಫೋಟೊಗಿಂತ ಮೇಲು. ಡಬ್ಬಿಯ ಆಚೆ ಸಣ್ಣ ಕನ್ನಡಿ ಹಿಡಿದರೆ ಗಂಡು ತಾನಾಗಿಯೇ ರೆಕ್ಕೆ ಬಿಚ್ಚುತ್ತದೆ.

ಬಣ್ಣವನ್ನು ಕೊನೆಗೆ ನೋಡಿ

ಎಲ್ಲರೂ ಬಣ್ಣದಿಂದ ಶುರುಮಾಡುತ್ತಾರೆ, ಎಡವುವುದೂ ಅಲ್ಲೇ. ಬಣ್ಣವನ್ನು ಸಾಕಣೆಗಾರ ಬದಲಿಸುತ್ತಾನೆ, ಆಹಾರ ಬದಲಿಸುತ್ತದೆ, ಮೀನಿನ ಮನಸ್ಸು ಬದಲಿಸುತ್ತದೆ. ಮುಳ್ಳು, ರೆಕ್ಕೆಯ ಆಕಾರ, ಪಟ್ಟೆ ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನು ಅಷ್ಟು ಸುಲಭವಾಗಿ ಬದಲಿಸಲಾಗದು.

ಮೊದಲ ಪರೀಕ್ಷೆ ಮೂಗು. ಸಿಕ್ಲಿಡ್‌ಗಳಿಗೆ ಮುಖದ ಒಂದೊಂದು ಬದಿಗೆ ಒಂದೇ ಮೂಗಿನ ರಂಧ್ರ. ಸಿಹಿನೀರಿನ ಬಹುಪಾಲು ಬೇರೆ ಮೀನುಗಳಿಗೆ ಎರಡೆರಡು. ಮೈಯ ಪಕ್ಕದ ರೇಖೆಯೂ ಸಿಕ್ಲಿಡ್‌ಗಳಲ್ಲಿ ಸಾಮಾನ್ಯವಾಗಿ ಮಧ್ಯೆ ತುಂಡಾಗಿ, ಬಾಲದ ಕಡೆ ಒಂದು ಮೆಟ್ಟಿಲು ಕೆಳಗಿಳಿದು ಮುಂದುವರಿಯುತ್ತದೆ. ಕೋಲ್ಕತ್ತದ ಮಾಲಿನ ಜತೆ ಬರುವ ಬ್ಯಾಡಿಸ್ ನೋಡಲು ಪುಟ್ಟ ಸಿಕ್ಲಿಡ್‌ನಂತೆಯೇ ಇದ್ದರೂ ಅದು ಸಿಕ್ಲಿಡ್ ಅಲ್ಲ. ಒಣ ಗುಳಿಗೆ ಮುಟ್ಟದೆ ಜೀವಂತ ಹುಳುವಿಗೇ ಕಾಯುವ ‘ಡ್ವಾರ್ಫ್ ಸಿಕ್ಲಿಡ್’ ನಿಮ್ಮಲ್ಲಿದ್ದರೆ ಈ ದಿಕ್ಕಿನಲ್ಲೂ ಯೋಚಿಸಿ.

ಎರಡನೆಯದು ನನಗೆ ಬಹಳ ಇಷ್ಟವಾದ ಪರೀಕ್ಷೆ, ಯಾಕೆಂದರೆ ಇದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಹೊಟ್ಟೆಯ ಹಿಂದೆ, ಬಾಲಕ್ಕೆ ಮುಂಚೆ ಕೆಳಗಿರುವ ಗುದ ರೆಕ್ಕೆಯ ಮುಂಭಾಗದ ಗಟ್ಟಿ ಮುಳ್ಳುಗಳನ್ನು ಫೋಟೊ ಹಿಗ್ಗಿಸಿ ಎಣಿಸಿ. ರಾಮ್, ಅಪಿಸ್ಟೊಗ್ರಾಮ, ಕ್ರಿಬೆನ್ಸಿಸ್ ಇವೆಲ್ಲದರಲ್ಲೂ ಸಾಮಾನ್ಯವಾಗಿ ಮೂರೇ. ಎಂಟು, ಒಂಬತ್ತು, ಹತ್ತು ಕಂಡರೆ ಅದು ಮಧ್ಯ ಅಮೆರಿಕದ ಕನ್ವಿಕ್ಟ್ ಸಿಕ್ಲಿಡ್‌ನ ಮರಿ ಇರಬಹುದು. ಅದು ಬೆಳೆದ ಮೇಲೆ ಸಣ್ಣ ಟ್ಯಾಂಕಿನಲ್ಲಿ ಬೇರೆ ಯಾರನ್ನೂ ಬಾಳಗೊಡುವುದಿಲ್ಲ. ಹನ್ನೆರಡಕ್ಕೂ ಹೆಚ್ಚಿದ್ದರೆ ಅದು ನಮ್ಮದೇ ದಕ್ಷಿಣ ಭಾರತದ ಆರೆಂಜ್ ಕ್ರೊಮೈಡ್ ಆಗಿರುವ ಸಾಧ್ಯತೆ ಹೆಚ್ಚು. ಹಳದಿ ಮೈ, ಪಕ್ಕದಲ್ಲೊಂದು ಕಪ್ಪು ಬೊಟ್ಟು ನೋಡಿ ಅದನ್ನು ಗೋಲ್ಡ್ ರಾಮ್ ಎಂದುಕೊಳ್ಳುವುದು ಸುಲಭ. ಭಾರತಕ್ಕೆ ಸ್ವಂತದ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲಿ ಎಟ್ರೊಪ್ಲಸ್ ಕೆನರೆನ್ಸಿಸ್ ಹೆಸರಿನಲ್ಲೇ ನಮ್ಮ ಕೆನರಾ ಇದೆ. ಆರೆಂಜ್ ಕ್ರೊಮೈಡ್ ತಪ್ಪಿ ಬಂದರೂ ಬೇಸರಪಡಬೇಡಿ, ಬಹಳ ಚೆಂದದ ಮೀನು. ನಮ್ಮ ಗಡಸು ನೀರಿಗೂ ಅಂಜುವುದಿಲ್ಲ.

ಇವೆರಡಾದ ಮೇಲೆ ಮೈಕಟ್ಟು, ಬೆನ್ನಿನ ರೆಕ್ಕೆ, ಬಾಲ, ಪಟ್ಟೆ. ಇನ್ನು ಗುಂಪು ಗುಂಪಾಗಿ ನೋಡಬಹುದು.

ರಾಮ್ ಹೆಸರಿನಲ್ಲಿ ಬರುವವು

ನಿಜವಾದ ರಾಮ್ ವೆನೆಜುವೆಲಾ, ಕೊಲಂಬಿಯಾಗಳ ಒರಿನೊಕೊ ನದಿ ಬಯಲಿನದು. 1948ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಅಪಿಸ್ಟೊಗ್ರಾಮ ಕುಲಕ್ಕೇ ಸೇರಿಸಿದ್ದರು. ಹಳೆಯ ಪುಸ್ತಕಗಳಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ. ಜರ್ಮನ್ ಬ್ಲೂ ರಾಮ್ ಅನ್ನುವುದೂ ಇದೇ ಮೀನಿನ ಸಾಕಣೆಯ ತಳಿ. ಮೈ ಗಿಡ್ಡ, ಎತ್ತರ. ಕಣ್ಣಿನ ಮೂಲಕ ಇಳಿಯುವ ಕಪ್ಪು ಗೆರೆ, ಪಕ್ಕದಲ್ಲಿ ಕಪ್ಪು ಬೊಟ್ಟು, ಮೈತುಂಬ ನೀಲಿ ಚುಕ್ಕಿಗಳ ಹೊಳಪು. ಬೆನ್ನಿನ ರೆಕ್ಕೆಯ ಮುಂದಿನ ಮುಳ್ಳುಗಳು ಕಪ್ಪು, ಬೆಳೆದ ಗಂಡಿನಲ್ಲಿ ಉದ್ದ. ಹೆಣ್ಣಿನ ಹೊಟ್ಟೆ ಗುಲಾಬಿ, ಕಪ್ಪು ಬೊಟ್ಟಿನೊಳಗೂ ನೀಲಿ ಚುಕ್ಕಿ ಕಾಣುವುದು ಸಾಮಾನ್ಯ.

ಮೈಮೇಲೆ ನೀಲಿ ಚುಕ್ಕಿಗಳಿಲ್ಲ, ಮೈ ಕಂದು ಹಳದಿ, ರೆಕ್ಕೆಯ ಅಂಚು ಕೆಂಪು, ಬಾಲದ ಮೇಲೂ ಕೆಳಗೂ ದಾರದಂತೆ ಎಳೆ ಹೊರಟಿದೆ ಎಂದಾದರೆ ಅದು ಬೊಲಿವಿಯನ್ ರಾಮ್, ಮೈಕ್ರೊಜಿಯೊಫೇಗಸ್ ಆಲ್ಟಿಸ್ಪಿನೋಸಸ್. ಎಂಟು ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಈ ಎರಡರ ಅದಲುಬದಲು ಸಣ್ಣ ವಿಷಯವಲ್ಲ. ನೀಲಿ ರಾಮ್‌ಗೆ 27ರಿಂದ 30 ಡಿಗ್ರಿ ಬೇಕು. ಬೊಲಿವಿಯನ್ 23ರಿಂದ 26ರಲ್ಲಿ ಹಾಯಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕಿನಲ್ಲಿ ನೀಲಿ ರಾಮ್ ಕುಗ್ಗಿ ರೋಗ ಹಿಡಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ನೀರು 32 ಮುಟ್ಟಿದಾಗ ಬೊಲಿವಿಯನ್ ಮೇಲೆ ಬಂದು ಏದುಸಿರು ಬಿಡುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆಯಷ್ಟು ಮಾತ್ರ ಹಿಡಿಯುತ್ತದೆ. ಬೇಸಿಗೆಯಲ್ಲಿ ಏರ್ ಪಂಪ್ ನಿಲ್ಲಿಸಬೇಡಿ, ಮೀನು ಯಾವುದೇ ಇರಲಿ.

ಎಲೆಕ್ಟ್ರಿಕ್ ಬ್ಲೂ ರಾಮ್ ಎಂದು ದುಡ್ಡು ತೆತ್ತು ಎಲೆಕ್ಟ್ರಿಕ್ ಬ್ಲೂ ಅಕಾರಾ ಮರಿ ತರುವುದು ಎಲ್ಲಕ್ಕಿಂತ ದುಬಾರಿ ಬೀಳುವ ತಪ್ಪು. ಮರಿಯಲ್ಲಿ ಎರಡೂ ನೀಲಿ. ತಲೆ, ಗಂಟಲ ಭಾಗದಲ್ಲಿ ಕಿತ್ತಳೆ ಬಳಿದಂತಿದ್ದು, ಮೈ ಗಿಡ್ಡವಾಗಿ ಎತ್ತರವಿದ್ದರೆ ರಾಮ್. ಮೈ ನೀಳವಾಗಿ, ಬೆನ್ನಿನ ರೆಕ್ಕೆಗೆ ತೆಳ್ಳನೆಯ ಕಿತ್ತಳೆ ಅಂಚು ಮಾತ್ರ ಇದ್ದರೆ ಅಕಾರಾ. ಸಂಶಯ ಉಳಿದರೆ ಬೆಳವಣಿಗೆ ಗಮನಿಸಿ: ರಾಮ್ ಐದಾರು ಸೆಂಟಿಮೀಟರಿಗೆ ನಿಲ್ಲುತ್ತದೆ, ಅಕಾರಾ ಹದಿನೈದರ ಹತ್ತಿರ ಹೋಗುತ್ತದೆ. ಎರಡು ಅಡಿ ಟ್ಯಾಂಕಿನಲ್ಲಿ ಆ ಮೀನಿಗೆ ಜಾಗವಿಲ್ಲ.

ಪಶ್ಚಿಮ ಆಫ್ರಿಕಾದ ಅನೊಮಲೊಕ್ರೊಮಿಸ್ ಥಾಮಸಿ ಕೂಡ ರಾಮ್ ಹೆಸರು ಹೊತ್ತು ಬರುತ್ತದೆ. ಬೆಳ್ಳನೆಯ ಮೈ, ಸಾಲು ಸಾಲು ಹೊಳೆವ ಚುಕ್ಕಿ, ಮಸುಕಾದ ಅಡ್ಡಗೆರೆ. ಬೆನ್ನಿನ ಮುಂದಿನ ಮುಳ್ಳು ಮಾತ್ರ ಎದ್ದು ನಿಲ್ಲುವುದಿಲ್ಲ. ಸಾಧು ಮೀನು, ಇಟ್ಟುಕೊಳ್ಳಿ.

ಅಪಿಸ್ಟೊಗ್ರಾಮ: ಪಟ್ಟೆ ಎಲ್ಲಿ ನಿಲ್ಲುತ್ತದೆ?

ಈ ಕುಲದಲ್ಲಿ ಹೆಸರಿಟ್ಟ ಜಾತಿಗಳೇ 90ಕ್ಕೂ ಹೆಚ್ಚು. ನಮ್ಮ ಅಂಗಡಿಗಳಿಗೆ ಬರುವುದು ಕೆಲವೇ ಆದ್ದರಿಂದ ಕೆಲಸ ಹಗುರ. ಕಣ್ಣಿನ ಹಿಂದಿನಿಂದ ಮೈಯ ಉದ್ದಕ್ಕೂ ಹೋಗುವ ಕಪ್ಪು ಪಟ್ಟೆಯ ಮೇಲೆ ಬೆರಳಿಟ್ಟು ಬಾಲದ ತನಕ ಹೋಗಿ. ಪಟ್ಟೆ ಬಾಲದ ಬುಡದಲ್ಲಿ ನಿಲ್ಲದೆ ಬಾಲದ ರೆಕ್ಕೆಯೊಳಗೂ ನುಗ್ಗಿ, ಗಂಡಿನ ಬಾಲ ಇಸ್ಪೀಟ್ ಎಲೆಯ ಮೊನೆಯಂತೆ ಒಂದೇ ತುದಿಗೆ ಚೂಪಾಗಿದ್ದರೆ ಅದು ಅಗಾಸ್ಸಿಜಿ. ಗಂಡಿನ ಬಾಲ ಮೇಲೆ ಕೆಳಗೆ ಎರಡು ಚೂಪಾಗಿ ಕವಲೊಡೆದು, ಬೆನ್ನಿನ ಮುಂದಿನ ಕೆಲವು ಮುಳ್ಳು ಬಿಡಿಬಿಡಿಯಾಗಿ ಜುಟ್ಟಿನಂತೆ ನಿಂತು, ಮುಖ್ಯ ಪಟ್ಟೆಯ ಕೆಳಗೆ ಹೊಟ್ಟೆಯ ಮೇಲೆ ಇನ್ನೂ ಎರಡು ಮೂರು ತೆಳು ಗೆರೆಗಳಿದ್ದರೆ ಅದು ಕಕಟುವೊಯ್ಡಿಸ್. ‘ಡಬಲ್ ರೆಡ್’, ‘ಟ್ರಿಪಲ್ ರೆಡ್’ ಎಂದು ಮಾರುವುದು ಇದರ ಸಾಕಣೆಯ ತಳಿಗಳನ್ನು. ಕೆಂಪು ಎಷ್ಟು ರೆಕ್ಕೆಗಳಲ್ಲಿದೆ ಅನ್ನುವುದಷ್ಟೇ ಆ ಹೆಸರಿನ ಅರ್ಥ, ಜಾತಿ ಬದಲಾಗುವುದಿಲ್ಲ. ಬಾಲ ಪೂರ್ತಿ ದುಂಡಗಿದ್ದು, ಬೆನ್ನಿನ ರೆಕ್ಕೆ ಹಾಯಿಯಂತೆ ಸಮನಾಗಿ ಎತ್ತರವಿದ್ದು, ಮುಖ ಹಳದಿ, ಮೈ ತಿಳಿನೀಲಿಯಾಗಿದ್ದರೆ ಬೊರೆಲ್ಲಿ. ಪರಾಗ್ವೆ, ಅರ್ಜೆಂಟೀನಾ ಕಡೆಯ ಈ ಮೀನು ತಂಪು ತಡೆಯುತ್ತದೆ. ನಮ್ಮ ಚಳಿಗಾಲಕ್ಕೆ ಹೀಟರ್ ಬೇಡದ ಅಪಿಸ್ಟೊ ಯಾವುದು ಎಂದು ಕೇಳಿದರೆ ನಾನು ಹೇಳುವುದು ಇದನ್ನೇ.

‘ವಿಯೆಜಿಟಾ’ ಎಂಬ ಚೀಟಿ ಕಂಡರೆ ಎಚ್ಚರ. ಆ ಹೆಸರಿನಲ್ಲಿ ಬರುವ ಕೆಂಪು ಅಂಚಿನ ಬಾಲದ ಮೀನುಗಳು ಬಹುಪಾಲು ಮ್ಯಾಕ್‌ಮಾಸ್ಟೆರಿ. ಎರಡೂ ಕೊಲಂಬಿಯಾದವು, ಎರಡಕ್ಕೂ 1979ರಲ್ಲಿ ಮೀನು ವಿಜ್ಞಾನಿ ಸ್ವೆನ್ ಕುಲಾಂಡರ್ ಹೆಸರಿಟ್ಟರು, ಹತ್ತಿರದ ಸಂಬಂಧಿಗಳು. ಸಾಕಣೆಯಲ್ಲಿ ಪೀಳಿಗೆಗಟ್ಟಲೆ ಕೆಂಪಿಗಾಗಿ ಆರಿಸಿದ ಮೇಲೆ ಮನೆಯಲ್ಲಿ ಕುಳಿತು ಬೇರ್ಪಡಿಸುವುದು ಕಷ್ಟ. ಬೇಕಾದ ನೀರು, ಆಹಾರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇದಕ್ಕಾಗಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ‘ಮ್ಯಾಕ್‌ಮಾಸ್ಟೆರಿ ಗುಂಪು’ ಎಂದು ಬರೆದಿಟ್ಟುಕೊಳ್ಳುವುದೇ ಸರಿ.

ಹೆಣ್ಣುಗಳದ್ದು ನಿಜವಾದ ಕಗ್ಗಂಟು. ಅಂಗಡಿಯ ಟ್ಯಾಂಕಿನಲ್ಲಿ ಎಲ್ಲ ಜಾತಿಯ ಹೆಣ್ಣುಗಳೂ ಒಂದೇ ಬೂದು ಬಣ್ಣ. ಅದರ ಮೇಲೆ, ಬಲಿಷ್ಠ ಗಂಡಿನ ಕೆಳಗೆ ಬಾಳುವ ದುರ್ಬಲ ಗಂಡು ಹೆಣ್ಣಿನ ವೇಷದಲ್ಲೇ ಉಳಿಯುವುದೂ ಈ ಕುಲದಲ್ಲಿ ಉಂಟು. ದೊಡ್ಡ ಗಂಡನ್ನು ಬೇರೆ ಮಾಡಿದ ಕೆಲವೇ ವಾರಗಳಲ್ಲಿ ‘ಹೆಣ್ಣಿ’ಗೆ ರೆಕ್ಕೆ ಉದ್ದವಾಗತೊಡಗಿದರೆ ಗುಟ್ಟು ರಟ್ಟಾದಂತೆ. ನಿಜವಾದ ಹೆಣ್ಣು ತನ್ನ ಗುರುತು ಕೊಡುವುದು ಮೊಟ್ಟೆ ಇಟ್ಟಾಗ. ತೆಂಗಿನ ಚಿಪ್ಪಿನಲ್ಲಿ ಸಣ್ಣ ಬಾಗಿಲು ಕೊರೆದು ಮಗುಚಿಡಿ. ಒಳಗಿನ ಚಾವಣಿಗೆ ಮೊಟ್ಟೆ ಅಂಟಿಸಿದ ಹೆಣ್ಣು ಅರಿಶಿನ ಹಳದಿಗೆ ತಿರುಗುತ್ತದೆ, ಕಪ್ಪು ಗುರುತುಗಳು ಎದ್ದು ಕಾಣುತ್ತವೆ, ತನಗಿಂತ ದೊಡ್ಡ ಗಂಡನ್ನೇ ಅಟ್ಟಾಡಿಸುತ್ತದೆ. ಫೋಟೊ ತೆಗೆಯಲು ಅದೇ ಸಮಯ. ಹಳದಿಯ ಬದಲು ಮೈಮೇಲೆ ಕಪ್ಪು ಚೌಕಳಿ ಮೂಡಿದರೆ ನಿಮ್ಮಲ್ಲಿರುವುದು ಅಪಿಸ್ಟೊ ಅಲ್ಲ, ನನ್ನಕಾರ ಅನೊಮಲ ಎಂಬ ಬೇರೊಂದು ಡ್ವಾರ್ಫ್ ಸಿಕ್ಲಿಡ್ ಇರಬಹುದು.

ಕ್ರಿಬೆನ್ಸಿಸ್, ಜ್ಯೂವೆಲ್

ಕ್ರಿಬ್ ಎಂದು ನಮ್ಮಲ್ಲಿ ಸಿಗುವುದು ಸಾಮಾನ್ಯವಾಗಿ ನೈಜೀರಿಯಾ ಕಡೆಯ ಪೆಲ್ವಿಕಾಕ್ರೊಮಿಸ್ ಪಲ್ಚರ್. ನೀಳ ಮೈ, ಹೆಣ್ಣಿನ ಹೊಟ್ಟೆ ದುಂಡಗೆ, ನೇರಳೆಹಣ್ಣಿನ ಕೆಂಪು. ಗುಹೆಯಲ್ಲಿ ಮೊಟ್ಟೆ ಇಟ್ಟು ಮರಿಗಳನ್ನು ಇಬ್ಬರೂ ಸೇರಿ ಅಡ್ಡಾಡಿಸುತ್ತವೆ. ಮರಿಯಲ್ಲೇ ಕಿವಿರು ಮುಚ್ಚಳದ ಮೇಲೊಂದು, ಮೈ ನಡುವೆ ಒಂದು ದಟ್ಟ ಕಪ್ಪು ಬೊಟ್ಟಿದ್ದರೆ ಅದು ಜ್ಯೂವೆಲ್ ಸಿಕ್ಲಿಡ್. ತಕ್ಷಣ ಬೇರೆ ಮಾಡಿ. ಮೊಟ್ಟೆ ಇಡುವ ಹೊತ್ತಿಗೆ ಟ್ಯಾಂಕಿನ ಉಳಿದ ಮೀನುಗಳ ಪಾಡು ಹೇಳತೀರದು.

ಬಣ್ಣ ಇಳಿದದ್ದು ಯಾಕೆ

ಕೆಲವು ಸಾಕಣೆ ಕೇಂದ್ರಗಳಲ್ಲಿ ಎಳೆಯ ಮೀನಿಗೂ ಹೆಣ್ಣಿಗೂ ಗಂಡು ಹಾರ್ಮೋನ್ ಕೊಟ್ಟು ಬಣ್ಣ ಬರಿಸುತ್ತಾರೆ. ಮೂರು ಸೆಂಟಿಮೀಟರಿನ ಮರಿಗಳೆಲ್ಲ ಬೆಳೆದ ಗಂಡಿನಷ್ಟು ಝಗಮಗಿಸುತ್ತಿದ್ದರೆ, ಇಡೀ ಟ್ಯಾಂಕಿನಲ್ಲಿ ಒಂದೂ ಹೆಣ್ಣು ಕಾಣದಿದ್ದರೆ ಅನುಮಾನ ಬರಲೇಬೇಕು. ಹಾರ್ಮೋನ್ ನಿಂತ ಮೇಲೆ ಬಣ್ಣ ಇಳಿಯುತ್ತದೆ. ಇಂಥ ಮೀನು ಮೊಟ್ಟೆ ಮರಿ ಮಾಡದೆ ಹೋಗಬಹುದು. ಔಷಧಿ ಹಾಕಬೇಡಿ, ಒಳ್ಳೆಯ ಆಹಾರ ಕೊಟ್ಟು ಕಾಯಿರಿ. ತದ್ವಿರುದ್ಧವಾಗಿ, ಅಂಗಡಿಯಲ್ಲಿ ಪೂರ್ತಿ ಬೆಳೆದು ಬಣ್ಣ ತುಂಬಿದ ರಾಮ್ ತಂದಿದ್ದರೆ ಅದಕ್ಕೆ ಆಗಲೇ ವಯಸ್ಸಾಗಿರಬಹುದು. ಅದರ ಆಯಸ್ಸೇ ಎರಡು ಮೂರು ವರ್ಷ.

ಹೆಸರು ಸಿಕ್ಕ ಮೇಲೆ ನೀರು

ದಾವಣಗೆರೆಯ ನಲ್ಲಿಗೆ ತುಂಗಭದ್ರೆಯ ನೀರು ಬರುತ್ತದೆ, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯ ನೀರೂ ಬರುತ್ತದೆ. ಚಿತ್ರದುರ್ಗಕ್ಕೆ ಶಾಂತಿಸಾಗರ, ವಾಣಿವಿಲಾಸ ಸಾಗರ. ಈ ಕೆರೆ, ಹೊಳೆ ನೀರಿಗೂ ಬೋರ್‌ವೆಲ್ ನೀರಿಗೂ ಅಜಗಜಾಂತರ. ಒಂದೇ ಮನೆಯಲ್ಲಿ ಸೋಮವಾರ ನಲ್ಲಿ, ಗುರುವಾರ ಬೋರ್ ಅನ್ನುವ ಸ್ಥಿತಿ ಇದ್ದರೆ ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಇಟ್ಟುಕೊಳ್ಳಲೇಬೇಕು. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಆಂಟಿಕ್ಲೋರಿನ್ ದ್ರಾವಣ ಹಾಕುವುದನ್ನು ಮರೆಯಬೇಡಿ. ಕ್ರಿಬ್, ಬೊಲಿವಿಯನ್, ಸಾಕಣೆಯ ಕಕಟುವೊಯ್ಡಿಸ್ ಇವು ಸ್ವಲ್ಪ ಗಡಸು ನೀರಿಗೆ ಒಗ್ಗುತ್ತವೆ. ನೀಲಿ ರಾಮ್, ಅಗಾಸ್ಸಿಜಿ ಮೃದು ನೀರಿನವು; ಬೋರ್ ನೀರಲ್ಲಿ ಬದುಕಿದರೂ ಮೊಟ್ಟೆ ಬೆಳ್ಳಗಾಗಿ ಕೆಡುತ್ತವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರನ್ನು ಬೆರೆಸಿ, ಒಂದೇ ದಿನದಲ್ಲಿ ಅಲ್ಲ, ಪ್ರತಿ ಬಾರಿ ನೀರು ಬದಲಿಸುವಾಗ ಸ್ವಲ್ಪ ಸ್ವಲ್ಪವಾಗಿ ಟಿಡಿಎಸ್ ಇಳಿಸಿ. ಟ್ಯಾಂಕಿನಲ್ಲಿರುವುದು ಮಲಾವಿ ಸರೋವರದ ‘ಮಿಕ್ಸ್ ಆಫ್ರಿಕನ್’ ಮರಿ ಎಂದು ಗೊತ್ತಾದರೆ ಇದನ್ನೆಲ್ಲ ಬಿಟ್ಟುಬಿಡಿ, ಅದಕ್ಕೆ ಬೇಕಾದದ್ದೇ ಗಡಸು ನೀರು.

ತಪ್ಪು ಮೀನನ್ನು ಏನು ಮಾಡುವುದು

ಅಂಗಡಿಗೆ ಹೋಗುವಾಗ ಫೋಟೊ ಒಯ್ಯಿರಿ, ಜಗಳ ಒಯ್ಯಬೇಡಿ. “ಅಣ್ಣಾ, ಇದು ಎಲೆಕ್ಟ್ರಿಕ್ ಬ್ಲೂ ರಾಮ್ ಅಂತ ಕೊಟ್ಟಿದ್ರಿ, ಅಕಾರಾ ಆಗೇತಿ ನೋಡ್ರಿ” ಅಂದರೆ, “ಹೌದೇನ್ರೀ? ಚೀಲದ ಮೇಲೆ ಹಂಗೇ ಬರೆದಿತ್ರೀ, ತಗೊಂಡು ಬರ್ರಿ ನೋಡೋಣ” ಅನ್ನುವವರೇ ಹೆಚ್ಚು. ಮುಂದಿನ ಸಲ ಕೊಳ್ಳುವ ಮುಂಚೆಯೇ ಕೇಳಿಬಿಡಿ, ಬೇರೆ ಜಾತಿ ಅಂತ ಗೊತ್ತಾದರೆ ಬದಲಿಸಿಕೊಡುತ್ತೀರಾ ಎಂದು. ಅವರಿಗೂ ಗುರುತು ಹೇಳಿಕೊಡಿ. ಒಬ್ಬ ಅಂಗಡಿಯವರು ಕಲಿತರೆ ಊರಿನ ಎಷ್ಟೋ ಟ್ಯಾಂಕುಗಳು ಉಳಿಯುತ್ತವೆ.

ಅವರು ತೆಗೆದುಕೊಳ್ಳದಿದ್ದರೆ ದೊಡ್ಡ ಟ್ಯಾಂಕ್ ಇರುವವರಿಗೆ ಸರಿಯಾದ ಹೆಸರು ಹೇಳಿ ಕೊಡಿ. ಕೆರೆಗೆ, ಕೃಷಿಹೊಂಡಕ್ಕೆ, ನಾಲೆಗೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯಾ ಕೂಡ ಹೊರಗಿನಿಂದ ಬಂದ ಸಿಕ್ಲಿಡ್ಡೇ. ಅದು ನಮ್ಮ ಕೆರೆಗಳನ್ನು ಹೇಗೆ ತುಂಬಿಕೊಂಡಿದೆ ಎಂದು ಬಲೆ ಹಾಕುವವರನ್ನು ಕೇಳಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಗುರುತು ಸಿಗದ ಹೆಣ್ಣು ಅಪಿಸ್ಟೊ ಉಳಿದರೆ, ಡೈರಿಯಲ್ಲಿ ‘ಅಪಿಸ್ಟೊಗ್ರಾಮ, ಜಾತಿ ಗೊತ್ತಿಲ್ಲ’ ಎಂದು ಬರೆದು, ತಂದ ತಾರೀಖು ಹಾಕಿ, ಬೇರೆ ಜಾತಿಯ ಗಂಡಿನ ಜತೆ ಇಡಬೇಡಿ. ಮಿಶ್ರತಳಿ ಮರಿಗಳಾದರೆ ಅವು ಅಂಗಡಿ ಸೇರಿ ಮತ್ತೊಬ್ಬರ ಟ್ಯಾಂಕಿಗೆ ಯಾವುದೋ ಹೆಸರಿನಲ್ಲಿ ಹೋಗುತ್ತವೆ. ಆಗಲೇ ಮರಿ ಆಗಿದ್ದರೆ ನಿಮ್ಮಲ್ಲೇ ಸಾಕಿ, ಯಾರಿಗೂ ಹಂಚಬೇಡಿ.